ಸ್ವಲ್ಪ ಸ್ವಲ್ಪ ಕೊಟ್ಟರೆ ಅಲರ್ಜಿ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಆರು ವರ್ಷದ ಮಗಳಿಗೆ ಕಡಲೆಕಾಯಿ ಅಲರ್ಜಿ ಇದೆ. ವಾರದ ಕೊನೆಗೆ ರಜೆ ಸೇರಿಸಿಕೊಂಡು ನೆಂಟರ ಮನೆಗೆ ಹೊರಟಿದ್ದೇವೆ. ‘ರಜೆಯಲ್ಲೂ ಮಗುವಿನ ಬಾಯಿ ಕಟ್ಟಬೇಡಿ, ಚೂರು ಚೂರೇ ಕೊಡುತ್ತ ಬಂದರೆ ಮೈಗೆ ಒಗ್ಗುತ್ತದೆ’ ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ರಜೆಯ ದಿನಗಳು ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಒಮ್ಮೆ ಕಡಲೆಕಾಯಿಯ ಬದಲು ಮೊಟ್ಟೆ ಇರುತ್ತದೆ, ಇನ್ನೊಮ್ಮೆ ಹಾಲು ಇರುತ್ತದೆ, ಅಷ್ಟೇ ವ್ಯತ್ಯಾಸ. ಚುಟುಕಾಗಿ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ; ದಯವಿಟ್ಟು ಪೂರ್ತಿ ಓದಿ, ಆ ಹಿರಿಯರಿಗೂ ಓದಿ ಹೇಳಿ.

ಒಗ್ಗುವ ಮಾತು ಹುಟ್ಟುವುದು ಎರಡು ಬೇರೆ ತೊಂದರೆಗಳನ್ನು ಒಂದೇ ಎಂದು ತಿಳಿಯುವುದರಿಂದ. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಹೆಚ್ಚು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಕುಡಿದರೆ ತಡೆದುಕೊಳ್ಳುತ್ತಾರೆ. ಅದು ಜೀರ್ಣಕ್ರಿಯೆಯ ವಿಷಯ. ಅಲರ್ಜಿಯಲ್ಲಿ ಕೆಲಸ ಮಾಡುವುದು ದೇಹದ ರಕ್ಷಣಾ ವ್ಯವಸ್ಥೆ. ಅದು ಕಡಲೆಕಾಯಿಯ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸಿ, ಚರ್ಮ, ಶ್ವಾಸನಾಳ ಮತ್ತು ಕರುಳಿನ ಬಳಿಯಿರುವ ಮಾಸ್ಟ್ ಎಂಬ ಜೀವಕೋಶಗಳ ಮೇಲೆ ಕೂರಿಸಿರುತ್ತದೆ. ಆ ಪ್ರೋಟೀನ್ ಮತ್ತೆ ಒಳಗೆ ಬಂದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಈ ಜೀವಕೋಶಗಳು ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ.

ಚೂರು ಚೂರೇ ಕೊಟ್ಟು ಒಗ್ಗಿಸುವ ಆಲೋಚನೆ ಪ್ರಯೋಗಶಾಲೆಯಲ್ಲೇ ಒಮ್ಮೆ ದಾರುಣವಾಗಿ ಸೋತಿದೆ. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳಿಗೆ ಆ ವಿಷವನ್ನು ತಾಳುವ ಶಕ್ತಿ ಬರಿಸಲು ಹೊರಟಿದ್ದರು. ಮೊದಲ ಚುಚ್ಚುಮದ್ದಿನಲ್ಲಿ ಬದುಕಿ ಚೆನ್ನಾಗಿಯೇ ಇದ್ದ ನಾಯಿಗೆ ಕೆಲವು ವಾರಗಳ ನಂತರ ಮತ್ತೆ ಅಲ್ಪ ಪ್ರಮಾಣವನ್ನೇ ಕೊಟ್ಟಾಗ ಅದು ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆ ಬರಬೇಕಾದಲ್ಲಿ ಅದಕ್ಕೆ ವಿರುದ್ಧವಾದದ್ದು ಬಂದಿತ್ತು. ಅದಕ್ಕೇ ಅವರು 1902ರಲ್ಲಿ ಈ ಸ್ಥಿತಿಯನ್ನು ‘ಅನಾಫಿಲ್ಯಾಕ್ಸಿಸ್’, ಎಂದರೆ ರಕ್ಷಣೆಗೆ ವಿರುದ್ಧವಾದದ್ದು, ಎಂದು ಕರೆದರು. 1913ರಲ್ಲಿ ರಿಷೆಗೆ ನೊಬೆಲ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕಾಗಿಯೇ.

‘ಆದರೆ ಆಸ್ಪತ್ರೆಗಳಲ್ಲಿ ಈಗ ಹಾಗೆಯೇ ಚಿಕಿತ್ಸೆ ಕೊಡುತ್ತಾರಂತಲ್ಲ?’ ಎಂದು ಮುಂದಿನ ಪ್ರಶ್ನೆ ಬರುವುದು ನನಗೆ ಗೊತ್ತು. ಕೊಡುತ್ತಾರೆ, ಆದರೆ ಅಳತೆಯನ್ನು ನೋಡಿ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಕಡಲೆಕಾಯಿ ಪುಡಿಯ ಔಷಧ ಆರಂಭವಾಗುವುದು ಅರ್ಧ ಮಿಲಿಗ್ರಾಂ ಪ್ರೋಟೀನಿನಿಂದ. ಒಂದು ಕಡಲೆಬೀಜದಲ್ಲಿ ಸುಮಾರು ಕಾಲು ಗ್ರಾಂ ಪ್ರೋಟೀನ್ ಇರುತ್ತದೆ. ಎಂದರೆ ಒಂದೇ ಬೀಜವನ್ನು ಐನೂರು ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಅಲ್ಲಿಂದ ತಿಂಗಳುಗಟ್ಟಲೆ ಏರಿಸುತ್ತ 300 ಮಿಲಿಗ್ರಾಂ ಮುಟ್ಟಿಸುತ್ತಾರೆ, ಪ್ರತಿ ಏರಿಕೆಯನ್ನೂ ವೈದ್ಯರ ಕಣ್ಣೆದುರಿನಲ್ಲೇ ಮಾಡುತ್ತಾರೆ. ಇಷ್ಟೆಲ್ಲ ಆದಮೇಲೂ ಸಿಗುವುದು ಅಕಸ್ಮಾತ್ತಾಗಿ ಬಾಯಿಗೆ ಹೋದ ಚೂರಿನಿಂದ ರಕ್ಷಣೆ ಮಾತ್ರ. ಕಡಲೆಕಾಯಿಯನ್ನು ಆಗಲೂ ದೂರವೇ ಇಡಬೇಕು. ಅಡುಗೆಮನೆಯಲ್ಲಿ ನಿಂತು ಬೆರಳ ತುದಿಯಿಂದ ನೆಕ್ಕಿಸುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

‘ಹೋದ ಸಲ ತಿಂದಾಗ ತುಟಿ ತುರಿಸಿತ್ತು ಅಷ್ಟೆ’ ಎಂಬುದು ಇನ್ನೊಂದು ಸಮಾಧಾನ. ಹೋದ ಸಲದ ತುರಿಕೆ ಈ ಸಲಕ್ಕೆ ಭರವಸೆಯಾಗುವುದಿಲ್ಲ. ಜ್ವರ, ನಿದ್ದೆಗೇಡು, ಊಟದ ಹಿಂದುಮುಂದಿನ ಓಟ ಮತ್ತು ಕೆಲವು ನೋವಿನ ಮಾತ್ರೆಗಳು ಅಲರ್ಜಿಯನ್ನು ಕೆರಳಿಸಲು ಬೇಕಾಗುವ ಪ್ರಮಾಣವನ್ನು ತಗ್ಗಿಸಬಲ್ಲವು. ಪ್ರವಾಸದ ದಿನ ಮಗು ನಸುಕಿನಲ್ಲೇ ಎದ್ದಿರುತ್ತದೆ, ನೆಂಟರ ಮಕ್ಕಳೊಡನೆ ಮಧ್ಯಾಹ್ನವೆಲ್ಲ ಓಡಿ ದಣಿದಿರುತ್ತದೆ. ಮನೆಯಲ್ಲಿ ತಡೆದುಕೊಂಡ ಚೂರು ಅಂಥ ದಿನ ತಡೆಯದೆ ಹೋಗಬಹುದು.

ಇನ್ನು ಹೊರಡುವ ಸಿದ್ಧತೆ. ಯಾವ ಪದಾರ್ಥ ಆಗದು ಎಂಬುದನ್ನು ಅಡುಗೆ ಮಾಡುವವರಿಗೆ ಮೊದಲೇ ಫೋನಿನಲ್ಲಿ ತಿಳಿಸಿ. ಮಗುವಿಗಾಗಿ ಒಂದು ಡಬ್ಬಿ ಸಿಹಿಯನ್ನು ನೀವೇ ಒಯ್ಯಿರಿ. ಉಳಿದ ಮಕ್ಕಳಿಗೂ ಹಂಚುವಷ್ಟಿದ್ದರೆ ಅವಳು ಮೂಲೆಯಲ್ಲಿ ಒಬ್ಬಳೇ ತಿನ್ನಬೇಕಾಗುವುದಿಲ್ಲ. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಪ್ರತಿ ಸಲವೂ ಓದಿ. ರಜೆಯ ಕಾಲಕ್ಕೆಂದು ಬರುವ ಪುಟ್ಟ ಪೊಟ್ಟಣಗಳು ಬೇರೆ ಯಂತ್ರದಲ್ಲಿ ಅಥವಾ ಬೇರೆ ಪಾಕದಲ್ಲಿ ತಯಾರಾಗಿರಬಹುದು. ಮೇಜಿನ ಬಳಿ ತಿನಿಸಿಗಿಂತ ಚಾಕುವಿನ ಮೇಲೆ ಕಣ್ಣಿಡಿ. ಕಡಲೆಕಾಯಿ ಹಾಕಿದ ಕೇಕನ್ನು ಕತ್ತರಿಸಿದ ಚಾಕು, ಅಂಚಿನಲ್ಲಿ ಕಂದು ಪುಡಿ ಅಂಟಿಸಿಕೊಂಡೇ, ಪಕ್ಕದ ಸಾದಾ ಕೇಕಿಗೆ ಇಳಿಯುತ್ತದೆ. ಕತ್ತರಿಸುವವರು ಮಾತಿನಲ್ಲಿ ಮುಳುಗಿರುತ್ತಾರೆ. ಆದ್ದರಿಂದ ಅವಳ ತುಂಡನ್ನು ಎಲ್ಲರಿಗಿಂತ ಮೊದಲು, ತೊಳೆದ ಚಾಕುವಿನಿಂದ ತೆಗೆದಿಡಿ.

ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಮಗು ಇರುವಲ್ಲೇ ಇರಬೇಕು, ಕಾರಿನೊಳಗೆ ಅಲ್ಲ. ದನಿ ಗೊಗ್ಗರಾದರೆ, ಬಿಡದ ಕೆಮ್ಮು ಹತ್ತಿದರೆ, ಉಸಿರು ಕಟ್ಟಿದರೆ, ದದ್ದಿನ ಜೊತೆಗೆ ವಾಂತಿ ಶುರುವಾದರೆ, ಮಗು ಮಂಕಾಗಿ ಕುಸಿದರೆ, ತೊಡೆಯ ನಡುಭಾಗದ ಹೊರಮಗ್ಗುಲಿಗೆ ಅದನ್ನು ಕೂಡಲೇ ಕೊಡಿ, ಆಂಬುಲೆನ್ಸ್ ಕರೆಯಿರಿ, ಮಗುವನ್ನು ಮಲಗಿಸಿ. ಉಸಿರಾಡಲು ಕಷ್ಟವಾದರೆ ಒರಗಿ ಕೂರಲಿ, ಆದರೆ ಎದ್ದು ನಡೆಯಬಾರದು. ಆಂಟಿಹಿಸ್ಟಮಿನ್ ಮಾತ್ರೆ ತುರಿಕೆಯನ್ನು ಇಳಿಸುತ್ತದೆ. ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ಅದು ತೆರೆಯದು, ಕುಸಿದ ರಕ್ತದೊತ್ತಡವನ್ನು ಎತ್ತದು. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸಬಹುದು.

ಕೊನೆಯದಾಗಿ, ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ. ಇಂಥ ಮನೆಗಳಲ್ಲಿ ಕೈಗೂಸೂ ಇದ್ದರೆ, ‘ಅಕ್ಕನಿಗೆ ಆಗದು, ತಮ್ಮನಿಗೂ ಬೇಡ’ ಎಂದು ವರ್ಷಗಟ್ಟಲೆ ಕಡಲೆಕಾಯಿ ತೋರಿಸದವರು ಬಹಳ ಮಂದಿ. ಹಿಂದೆ ವೈದ್ಯರೂ ಹಾಗೆಯೇ ಸಲಹೆ ಕೊಡುತ್ತಿದ್ದರು. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ಆ ಸಲಹೆಯನ್ನು ತಿರುಗಿಸಿತು. ತೀವ್ರ ಎಕ್ಸಿಮಾ (ತುರಿಕೆಯ ಚರ್ಮರೋಗ) ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳನ್ನು ಅದರಲ್ಲಿ ಎರಡು ಗುಂಪು ಮಾಡಲಾಗಿತ್ತು. ಆರಂಭದ ಚರ್ಮ ಪರೀಕ್ಷೆಯಲ್ಲಿ ಅಲರ್ಜಿ ಕಾಣದಿದ್ದ ಮಕ್ಕಳ ಪೈಕಿ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಐದು ವರ್ಷದ ಹೊತ್ತಿಗೆ ಶೇ 13.7 ಮಂದಿಗೆ ಅಲರ್ಜಿ ಬಂದಿತ್ತು. ನಿಯಮಿತವಾಗಿ ತಿಂದವರಲ್ಲಿ ಶೇ 1.9 ಮಂದಿಗೆ ಮಾತ್ರ. ‘ಚೂರು ಚೂರೇ ಕೊಡಿ’ ಎನ್ನುವವರು ಕೆಲವೊಮ್ಮೆ ಈ ಸುದ್ದಿಯನ್ನೇ ಅರ್ಧ ಕೇಳಿರುತ್ತಾರೆ. ಇದು ಅಲರ್ಜಿ ಬರದಂತೆ ತಡೆಯುವ ಮಾತು. ಬಂದಾಗಿರುವ ನಿಮ್ಮ ಮಗಳಿಗೆ ಅನ್ವಯಿಸದು. ಕೈಗೂಸಿಗೆ ಎಕ್ಸಿಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಕೊಡುವಾಗ ಇಡೀ ಬೀಜ ಗಂಟಲಲ್ಲಿ ಸಿಕ್ಕೀತು, ತೆಳುವಾಗಿ ಕಲಸಿದ ಪೇಸ್ಟನ್ನೇ ಕೊಡಿ. ತಿನ್ನಿಸಿದ ಮೇಲೆ ನಿಮ್ಮ ಕೈಯನ್ನೂ ಕೂಸಿನ ಕೈಬಾಯಿಯನ್ನೂ ಸೋಪು ನೀರಿನಿಂದ ತೊಳೆಯಿರಿ. ಸ್ಯಾನಿಟೈಸರ್ ಆ ಪ್ರೋಟೀನನ್ನು ಕೈಯಿಂದ ತೆಗೆಯುವುದಿಲ್ಲ, ಅಕ್ಕ ಮಾತ್ರ ಓಡಿ ಬಂದು ಅದೇ ಕೈಯನ್ನು ಹಿಡಿದುಕೊಳ್ಳುತ್ತಾಳೆ.