ಚೀನಾ ಪಾಳೇಗಾರರ ಸೈನಿಕರಿಗೆ ಯಾವ ಬಣ್ಣ ಬಳಿಯಬೇಕು?

ಪ್ರಶ್ನೆ: ಸರ್, ಮೇಜಿನ ಮೇಲೆ ಯುದ್ಧದಾಟ ಆಡಲು 1920ರ ದಶಕದ ಚೀನಾ ಸೈನಿಕರ 28 ಮಿ.ಮೀ. ಮಿನಿಯೇಚರ್ ಬೊಂಬೆಗಳನ್ನು ತರಿಸಿಕೊಂಡಿದ್ದೇನೆ. ವು ಪೇಯ್‌ಫು ಸೈನ್ಯಕ್ಕೆ ಯಾವ ಬಣ್ಣ, ಝಾಂಗ್ ಝುವೋಲಿನ್ ಸೈನ್ಯಕ್ಕೆ ಯಾವ ಬಣ್ಣ? ಎರಡೂ ಬೇರೆ ಬೇರೆ ಕಾಣಬೇಕು. ಪೇಂಟ್ ನಂಬರ್ ಸಮೇತ ತಿಳಿಸಿ.

ಉತ್ತರ: ಇಬ್ಬರಿಗೂ ಬೂದು. ಸ್ವಲ್ಪ ನೀಲಿ ಬೆರೆತ ಬೂದು. ಅಷ್ಟೇ.

ಅಷ್ಟಕ್ಕೇ ನೀವು ಸುಮ್ಮನಾಗುವುದಿಲ್ಲ ಅಂತ ಗೊತ್ತು. ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ, ಕೊನೆಯವರೂ ಆಗಲಿಕ್ಕಿಲ್ಲ. ಪ್ರತಿ ಸಲ ಬೂದು ಅಂದಾಗಲೂ ಎದುರಿನವರ ಮುಖ ಸಪ್ಪೆಯಾಗುತ್ತದೆ. ಒಬ್ಬೊಬ್ಬ ಪಾಳೇಗಾರನಿಗೂ, ಅಂದರೆ ವು, ಝಾಂಗ್ ಥರ ಸ್ವಂತ ಸೈನ್ಯ ಇಟ್ಟುಕೊಂಡು ಅಧಿಕಾರಕ್ಕೆ ಹೊಡೆದಾಡುತ್ತಿದ್ದ ಸೇನಾನಾಯಕನಿಗೂ, ಒಂದೊಂದು ಬಣ್ಣದ ಸೈನ್ಯ ಇತ್ತು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ.

ಅದು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ಆ ಕಾಲದ ಚೀನಾದ ಯಾವುದೇ ನಕ್ಷೆ ತೆಗೆದು ನೋಡಿ. ವು ಪೇಯ್‌ಫು ಇದ್ದ ಝಿಲಿ ಬಣಕ್ಕೆ ಒಂದು ಬಣ್ಣ, ಝಾಂಗ್ ಝುವೋಲಿನ್‌ನ ಫೆಂಗ್‌ಟಿಯೆನ್ ಬಣಕ್ಕೆ ಇನ್ನೊಂದು, ಶಾನ್‌ಷಿಯ ಯಾನ್ ಷಿಶಾನ್‌ಗೆ ಮತ್ತೊಂದು. ನಕ್ಷೆ ಬರೆದವರು ಗುರುತಿಗೆ ಅಂತ ಹಚ್ಚಿದ ಬಣ್ಣವನ್ನು ನಾವು ಸೈನಿಕನ ಮೈಮೇಲೆ ಹೊಲಿದುಬಿಟ್ಟೆವು. ದೇಶಕ್ಕೊಂದು ಬಣ್ಣದ ಉಡುಪಿದ್ದ ನೆಪೋಲಿಯನ್ ಕಾಲದ ಸೈನ್ಯಗಳಿಗೆ ಬಣ್ಣ ಬಳಿದು ಅಭ್ಯಾಸವಾದವರಿಗಂತೂ ಎರಡು ಕಡೆಯವರಿಗೂ ಒಂದೇ ಬಣ್ಣ ಎಂದರೆ ಜೀರ್ಣವೇ ಆಗುವುದಿಲ್ಲ.

ಈ ಸೈನ್ಯಗಳು ಹುಟ್ಟಿದ್ದು ಹೇಗೆ ಅಂತ ನೋಡಿ. ಮುಂದೆ ಚೀನಾ ಗಣರಾಜ್ಯದ ಅಧ್ಯಕ್ಷನಾದ ಯುವಾನ್ ಷಿಕೈ ಕಟ್ಟಿದ, ಉತ್ತರ ಚೀನಾದ ಬೆಯ್‌ಯಾಂಗ್ ಸೇನೆ ಒಂದೇ ಇತ್ತು. 1916ರ ಜೂನ್‌ನಲ್ಲಿ ಅವನು ಸತ್ತ. ಅವನ ಕೈಕೆಳಗಿನ ಜನರಲ್‌ಗಳು ಸೈನ್ಯವನ್ನು ಹಂಚಿಕೊಂಡರು. ದುವಾನ್ ಚಿರುಯ್, ಚಾವ್ ಕುನ್, ವು ಪೇಯ್‌ಫು ಎಲ್ಲರೂ ಅದೇ ಗರಡಿಯವರು. ನಿಷ್ಠೆ ಬದಲಾಯಿತು, ಬಟ್ಟೆ ಬದಲಾಗಲಿಲ್ಲ. ಝಾಂಗ್ ಝುವೋಲಿನ್ ಮಾತ್ರ ಮಂಚೂರಿಯಾದಲ್ಲಿ ಡಕಾಯಿತನಾಗಿದ್ದು ಮೇಲೆ ಬಂದವನು. ಆದರೆ ಅವನ ಪಡೆಯೂ ಗಣರಾಜ್ಯದ ಸೈನ್ಯ ಅಂತಲೇ ಹೇಳಿಕೊಳ್ಳುತ್ತಿತ್ತು, ಗಣರಾಜ್ಯದ ಉಡುಪನ್ನೇ ಹಾಕುತ್ತಿತ್ತು. ಎಲ್ಲರ ಟೋಪಿಯ ಮೇಲೂ ಅದೇ ಐದು ಬಣ್ಣದ ನಕ್ಷತ್ರ. ಎಲ್ಲರ ಬಾವುಟವೂ ಅದೇ: ಮೇಲಿನಿಂದ ಕೆಳಕ್ಕೆ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಪಟ್ಟಿ.

ಇನ್ನೂ ನಂಬಿಕೆ ಬರಲಿಲ್ವಾ? 1924ರ ಅಕ್ಟೋಬರ್‌ಗೆ ಬನ್ನಿ. ವು ಪೇಯ್‌ಫು ಚೀನಾ ಮಹಾಗೋಡೆಯ ಪೂರ್ವ ತುದಿಯ ಶಾನ್‌ಹೈಗುವಾನ್ ಹತ್ತಿರ ಝಾಂಗ್ ಝುವೋಲಿನ್ ಜೊತೆ ಹೋರಾಡುತ್ತಿದ್ದ. ಅವನ ಪರವಾಗಿ ಬೇರೆ ದಾರಿಯಲ್ಲಿ ಮುಂದೆ ಹೋಗಬೇಕಿದ್ದ ಫೆಂಗ್ ಯೂಷಿಯಾಂಗ್ ಸದ್ದಿಲ್ಲದೆ ವಾಪಸ್ ತಿರುಗಿ, 23ರಂದು ಬೀಜಿಂಗ್ ಹಿಡಿದುಬಿಟ್ಟ. ಹಿಂದಿನ ವಾರ ವು ಕಡೆಯವರು, ಈ ವಾರ ವು ವಿರೋಧಿಗಳು. ನಡುವೆ ದರ್ಜಿಯ ಹತ್ತಿರ ಹೋಗಿ ಬಂದರಾ? ಇಲ್ಲ. ತೋಳಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಕೊಂಡರು. ಪ್ರಾಣ ಕೊಟ್ಟು ದೇಶ ಉಳಿಸುತ್ತೇವೆ, ಜನರಿಗೆ ತೊಂದರೆ ಕೊಡುವುದಿಲ್ಲ, ಜನರನ್ನು ನಿಜವಾಗಿ ಪ್ರೀತಿಸುತ್ತೇವೆ ಅಂತ ಅದರ ಮೇಲೆ ಬರೆದಿತ್ತು. ಮರುವರ್ಷ ನವೆಂಬರ್‌ನಲ್ಲಿ ಝಾಂಗ್ ಝುವೋಲಿನ್‌ನ ಸ್ವಂತ ಜನರಲ್ ಗುವೋ ಸೊಂಗ್‌ಲಿಂಗ್ ತಿರುಗಿಬಿದ್ದ. ಫೆಂಗ್‌ಟಿಯೆನ್ ಉಡುಪಿನವರು ಫೆಂಗ್‌ಟಿಯೆನ್ ಉಡುಪಿನವರ ಮೇಲೇ ಗುಂಡು ಹಾರಿಸಿದರು. ಈ ಕದನವನ್ನು ಮೇಜಿನ ಮೇಲೆ ಆಡುವಾಗ ಒಂದು ಕಡೆಯವರಿಗೆ ಹಸಿರು ಬಳಿಯುತ್ತೀರಾ?

"ಆದರೆ ಫೋಟೋದಲ್ಲಿ ಒಬ್ಬರದು ತಿಳಿ, ಇನ್ನೊಬ್ಬರದು ಗಾಢ ಕಾಣುತ್ತೆ ಸರ್" ಅನ್ನುವವರಿಗೆ ಈ ಮಾತು. ಆಗ ಜಾಸ್ತಿ ಬಳಕೆಯಲ್ಲಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಕಾಣುವುದೇ ಇಲ್ಲ, ನೀಲಿ ಅತಿಯಾಗಿ ಕಾಣುತ್ತದೆ. ಹಾಗಾಗಿ ಫೋಟೋದಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಆ ಕಾಲದ ಫೋಟೋಗಳಲ್ಲಿ ಆಕಾಶ ಸುಣ್ಣ ಬಳಿದ ಗೋಡೆಯ ಹಾಗಿರುವುದು ಇದಕ್ಕೇ. ಐದು ಪಟ್ಟಿಯ ಬಾವುಟ ಇರುವ ಹಳೇ ಫೋಟೋ ಸಿಕ್ಕರೆ ಮೇಲಿನ ಕೆಂಪು ಪಟ್ಟಿಯನ್ನೂ ಕೆಳಗಿನ ಕಪ್ಪು ಪಟ್ಟಿಯನ್ನೂ ಹೋಲಿಸಿ ನೋಡಿ. ಎಷ್ಟೋ ಸಲ ವ್ಯತ್ಯಾಸವೇ ಕಾಣದು. ನೀಲಿ ಬೆರೆತ ಬೂದು ಬಟ್ಟೆ ಇದ್ದದ್ದಕ್ಕಿಂತ ತಿಳಿಯಾಗಿ ಬರುತ್ತದೆ, ಖಾಕಿ ಇದ್ದದ್ದಕ್ಕಿಂತ ಗಾಢವಾಗಿ ಬರುತ್ತದೆ. ಇಂಥ ಫೋಟೋಗೆ ಈಗ ಕಂಪ್ಯೂಟರ್ ಬಣ್ಣ ಹಚ್ಚಿಕೊಡುತ್ತೆ. ಅದು ಊಹೆ. ಆ ಊಹೆಯನ್ನು ನೋಡಿಕೊಂಡು ನೀವು ಪೇಂಟ್ ನಂಬರ್ ಕೇಳುತ್ತೀರಿ.

ಹಾಗಂತ ಎಲ್ಲರೂ ಒಂದೇ ಬೂದು ಅಂತ ನಾನು ಹೇಳುತ್ತಿಲ್ಲ. ಒಂದೇ ದಳದಲ್ಲಿ ಹತ್ತು ಬಗೆಯ ಬೂದು ಇತ್ತು. ಅಗ್ಗದ ಹತ್ತಿ ಬಟ್ಟೆ, ಸಿಕ್ಕ ಕಡೆ ಖರೀದಿ, ಸಿಕ್ಕ ಕಡೆ ಬಣ್ಣ ಹಾಕಿಸುವುದು. ಬಿಸಿಲಿಗೆ, ಒಗೆತಕ್ಕೆ ಆ ಬಣ್ಣ ನಿಲ್ಲುತ್ತಿರಲಿಲ್ಲ. ಫೆಬ್ರವರಿಯಲ್ಲಿ ನಮ್ಮ ಸರ್ಕಾರಿ ಶಾಲೆಯ ಪ್ರಾರ್ಥನೆ ಸಾಲು ನೋಡಿದ್ದೀರಲ್ವಾ? ಯೂನಿಫಾರಂ ಒಂದೇ, ಬಣ್ಣ ಮಾತ್ರ ತಲೆಗೊಂದು. ಆ ಸಾಲನ್ನೇ ಬಳಿಯಿರಿ.

ಅದಕ್ಕೇ ನಾನು ಪೇಂಟ್ ನಂಬರ್ ಕೊಡುವುದಿಲ್ಲ. ಕೊಟ್ಟರೆ ಎಲ್ಲ ಬೊಂಬೆಗೂ ಒಂದೇ ಡಬ್ಬಿಯಿಂದ ಬಳಿದುಬಿಡುತ್ತೀರಿ. ದುಬಾರಿ ಪೇಂಟೇ ಬೇಕೆಂದಿಲ್ಲ. ಕ್ಯಾಮೆಲ್ ಅಕ್ರಿಲಿಕ್‌ನ ಬಿಳಿ, ಕಪ್ಪು, ಅಲ್ಟ್ರಾಮರೀನ್ ನೀಲಿ ಸಾಕು. ಬಿಳಿಗೆ ಕಪ್ಪು ಸೇರಿಸಿ ಮಧ್ಯಮ ಬೂದು ಮಾಡಿ. ನೀಲಿಯನ್ನು ಬ್ರಶ್ಶಿನ ತುದಿಯಲ್ಲಿ ಮಾತ್ರ ಮುಟ್ಟಿಸಿ. ಅದನ್ನು ಮೂರು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ಇನ್ನಷ್ಟು ಬಿಳಿ, ಒಂದಕ್ಕೆ ಒಂಚೂರು ಕಂದು. ಒಬ್ಬನ ಅಂಗಿ ಒಂದು ಪಾಲಿನದಾದರೆ ಪ್ಯಾಂಟು ಇನ್ನೊಂದರದು. ಕಾಲಿಗೆ ಸುತ್ತಿದ ಪಟ್ಟಿ ಇನ್ನೂ ತಿಳಿ ಇರಲಿ. 28 ಮಿ.ಮೀ. ಬೊಂಬೆಯ ಮೇಲೆ ಬಣ್ಣ ಡಬ್ಬಿಯಲ್ಲಿ ಕಂಡದ್ದಕ್ಕಿಂತ ಗಾಢವಾಗಿ ಕಾಣುತ್ತೆ, ಅದಕ್ಕೇ ಬೇಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಇಟ್ಟುಕೊಳ್ಳಿ. ಕರಾವಳಿಯವರು ಮಳೆಗಾಲದಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆಯಬೇಡಿ, ತೇವಕ್ಕೆ ಬೆಳ್ಳಗೆ ಮಂಜು ಕಟ್ಟುತ್ತದೆ. ಬ್ರಶ್‌ನಲ್ಲಿ ಹಚ್ಚುವ ವಾರ್ನಿಶ್ ಸಾಕು.

ಬೇರೆ ಬೇರೆ ಕಾಣಬೇಕು ಅಂದಿರಲ್ಲ, ಅದಕ್ಕೆ ತೋಳಪಟ್ಟಿ ಇದೆ. ಆಗಿನವರು ಮಾಡಿದ್ದೂ ಅದನ್ನೇ. ಝಾಂಗ್ ಝುವೋಲಿನ್ ಕಡೆಯವರನ್ನು ಚಳಿಗಾಲದಲ್ಲಿ ತೋರಿಸಿ: ತುಪ್ಪಳದ ಟೋಪಿ, ಹತ್ತಿ ತುಂಬಿದ ದಪ್ಪ ಕೋಟು. ಫೆಂಗ್ ಯೂಷಿಯಾಂಗ್ ಸೈನಿಕರ ಬೆನ್ನಿಗೆ ಅಗಲ ಅಲಗಿನ ದೊಡ್ಡ ಕತ್ತಿ ಕಟ್ಟಿ. ಪಾಳೇಗಾರರನ್ನು ಸೋಲಿಸಲು ದಕ್ಷಿಣದ ರಾಷ್ಟ್ರೀಯವಾದಿಗಳು ಹೊರಟ 1926ರ ಉತ್ತರ ದಂಡಯಾತ್ರೆಯ ಕ್ವಾಂಗ್‌ಟುಂಗ್ (ಗುವಾಂಗ್‌ಡಾಂಗ್ ಪ್ರಾಂತ್ಯದ) ಪಡೆಗಳಲ್ಲಿ ಬೂದೂ ಇತ್ತು, ಖಾಕಿಯೂ ಇತ್ತು. ಅವರ ಟೋಪಿಯ ಮೇಲೆ ಐದು ಬಣ್ಣದ ನಕ್ಷತ್ರದ ಬದಲು ನೀಲಿ ಮೇಲೆ ಬಿಳಿ ಸೂರ್ಯ. ಕಾಲಿಗೆ ಹುಲ್ಲಿನ ಚಪ್ಪಲಿ ಹಾಕಿದರಂತೂ ದಕ್ಷಿಣದವರೆಂದು ದೂರದಿಂದಲೇ ಗೊತ್ತಾಗುತ್ತದೆ. 1917ರ ಝಾಂಗ್ ಷುನ್‌ನ ಪಡೆ ಬೇಕಾದರೆ ಬೆನ್ನ ಮೇಲೆ ಕರೀ ಜಡೆ. ಬಾಲ ಚಕ್ರವರ್ತಿಯನ್ನು ಮತ್ತೆ ಪಟ್ಟಕ್ಕೆ ಕೂರಿಸಲು ಹೋದವನು ಅವನು, ತನ್ನ ಸೈನಿಕರಿಗೆ ಜಡೆ ಕತ್ತರಿಸಲು ಬಿಟ್ಟಿರಲಿಲ್ಲ.

ಇಷ್ಟೆಲ್ಲ ಕೇಳುವವರು ಛತ್ರಿ ಬಗ್ಗೆ ಮಾತ್ರ ಯಾಕೋ ಕೇಳುವುದಿಲ್ಲ. ಆ ಸೈನಿಕರು ಬೆನ್ನಿಗೆ ಛತ್ರಿ ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರು. ಇದನ್ನು ನೋಡಿ ವಿದೇಶಿ ವರದಿಗಾರರು ನಕ್ಕರು. ನನಗೆ ನಗು ಬರುವುದಿಲ್ಲ. ಹತ್ತಿ ತುಂಬಿದ ಕೋಟು ಒಮ್ಮೆ ನೆಂದರೆ ದಿನವಿಡೀ ಒಣಗುವುದಿಲ್ಲ. ರೇನ್‌ಕೋಟು ಕೊಡುವ ಸರ್ಕಾರವೂ ಇರಲಿಲ್ಲ, ಸಂಬಳವೇ ಎಷ್ಟೋ ತಿಂಗಳು ಬರುತ್ತಿರಲಿಲ್ಲ. ಇರುವ ಒಂದು ಬಟ್ಟೆಯನ್ನು ಕಾಪಾಡಿಕೊಳ್ಳುವವನು ದಡ್ಡನೇನಲ್ಲ.

ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿ, ಟುಂಗ್ ಎಣ್ಣೆ ಸವರಿದ ಛತ್ರಿ ಅದು. ಎಣ್ಣೆ ಕುಡಿದ ಕಾಗದ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಪ್ಯಾಕೆಟ್‌ನಲ್ಲಿ ಛತ್ರಿ ಬಂದಿಲ್ಲವೆಂದರೆ ದೇವರ ಮನೆಯಿಂದ ಉರಿದುಳಿದ ಊದುಬತ್ತಿ ಕಡ್ಡಿ ತನ್ನಿ. ಮಡಚಿದ ಛತ್ರಿಗೆ ದಪ್ಪ ಸರಿಯಾಗೇ ಇದೆ. 14 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಒಂದು ತುದಿಯನ್ನು ಬ್ಲೇಡಿನಲ್ಲಿ ಹೆರೆದು ಹಿಡಿ ಮಾಡಿ. ಯೆಲ್ಲೋ ಓಕರ್ ಬಳಿದು, ಒಣಗಿದ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಕಂದು ಬಣ್ಣದ ವಾಶ್ ಕೊಡಿ. ಆಮೇಲೆ ಬೆನ್ನಿಗೆ ಓರೆಯಾಗಿ ಅಂಟಿಸಿ, ಹಿಡಿ ಮೇಲೆ ಬರುವ ಹಾಗೆ. ಎಲ್ಲರಿಗೂ ಬೇಡ, ಐದಾರು ಜನರಲ್ಲಿ ಒಬ್ಬನಿಗೆ ಸಾಕು.