ಗೋಡೆಯನ್ನೇ ನಂಬದ ಗಡಿ: ಡೇಸಿಯಾವನ್ನು ರೋಮ್ ಕಾದ ಬಗೆ

2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ್ದ ವಿಶ್ವ ಪರಂಪರೆ ಸಮಿತಿ, ರೊಮೇನಿಯಾದಲ್ಲಿರುವ ರೋಮನ್ನರ ಹಳೆಯ ಗಡಿಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿತು. ಅದು ಡೇಸಿಯಾ ಪ್ರಾಂತ್ಯದ ಗಡಿ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯಷ್ಟು ಹೆಸರು ಇದಕ್ಕಿಲ್ಲ. ಆದರೆ ಇದನ್ನು ಕಾಯುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು ಎಂದೇ ನನಗನ್ನಿಸುತ್ತದೆ.

ಮೊದಲು ಡಾನ್ಯೂಬ್ ನದಿಯೇ ರೋಮಿನ ಎಲ್ಲೆ. ಆಚೆಗಿದ್ದವನು ಡೇಸಿಯನ್ನರ ರಾಜ ಡೆಸಿಬಾಲಸ್. ಕ್ರಿ.ಶ. 89ರಲ್ಲಿ ಡೊಮಿಷಿಯನ್ ಚಕ್ರವರ್ತಿ ಅವನಿಗೆ ಹಣ ಕೊಟ್ಟು ರಾಜಿಯಾದ. ಮುಂದೆ ಚಕ್ರವರ್ತಿಯಾದ ಟ್ರೇಜನ್‌ಗೆ ಅದು ಸಾಕಾಗಲಿಲ್ಲ. ಎರಡು ಯುದ್ಧ ಮಾಡಿ 106ರಲ್ಲಿ ಡೇಸಿಯಾವನ್ನು ಗೆದ್ದುಕೊಂಡ. ಅಲ್ಲಿ ಚಿನ್ನದ ಗಣಿಗಳಿದ್ದವು. ಸೇನೆ ದಾಟಲೆಂದು ಅವನ ವಾಸ್ತುಶಿಲ್ಪಿ ಅಪೊಲೊಡೋರಸ್ ಡಾನ್ಯೂಬ್ ಮೇಲೆ ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ಸೇತುವೆ ಕಟ್ಟಿದ.

ತೊಂದರೆ ಶುರುವಾಗಿದ್ದೇ ಗೆದ್ದ ಮೇಲೆ. ನದಿಯಾಚೆ ಚಾಚಿಕೊಂಡ ಈ ಪ್ರಾಂತ್ಯಕ್ಕೆ ಮೂರು ಕಡೆಯೂ ಹೊರಗಿನವರು. ಮುಂದಿನ ಚಕ್ರವರ್ತಿ ಹೇಡ್ರಿಯನ್ ಆಗ್ನೇಯದ ಬಯಲನ್ನು ಬಿಟ್ಟುಕೊಟ್ಟ. ಶತ್ರುಗಳು ಸೇತುವೆ ದಾಟಿ ಬಂದಾರು ಎಂಬ ಭಯಕ್ಕೆ ಅದರ ಮೇಲ್ಭಾಗವನ್ನೇ ತೆಗೆಸಿದ ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ.

ಉಳಿದ ನೆಲವನ್ನು ಕಾಯಲು ರೋಮನ್ನರು ಕಾರ್ಪೇಥಿಯನ್ ಬೆಟ್ಟಗಳನ್ನೇ ಬಳಸಿಕೊಂಡರು. ಕಣಿವೆಗಳ ಬಾಯಲ್ಲಿ ಕೋಟೆ, ಬೆಟ್ಟದ ಸಾಲಿನಲ್ಲಿ ಕಾವಲು ಗೋಪುರ. ಒಳನಾಡಿನ ಅಪುಲಮ್‌ನಲ್ಲಿ 13ನೇ ಲೀಜನ್, ಅಂದರೆ ರೋಮಿನ ದೊಡ್ಡ ಸೇನಾದಳ. ದಕ್ಷಿಣದಲ್ಲಿ ಓಲ್ಟ್ ನದಿಯ ದಡದುದ್ದಕ್ಕೂ ಕೋಟೆಗಳು.

ವಾಯವ್ಯದ ಪೊರೊಲಿಸ್ಸಮ್ ನೋಡಿದರೆ ಈ ವ್ಯವಸ್ಥೆ ಚೆನ್ನಾಗಿ ತಿಳಿಯುತ್ತದೆ. ಮೆಸೆಷ್ ಬೆಟ್ಟಗಳ ನಡುವಿನ ದಾರಿಯನ್ನು ಕಾಯುತ್ತಿದ್ದ ಜಾಗ ಅದು. ಸುತ್ತ ಗೋಪುರಗಳು, ಬೇಕಾದ ಕಡೆ ಮಾತ್ರ ಕಂದಕ, ತುಂಡು ಗೋಡೆ. ಸಿರಿಯಾದ ಪಾಲ್ಮೈರಾದ ಬಿಲ್ಲುಗಾರರ ತುಕಡಿಯೂ ಅಲ್ಲಿತ್ತು, ಬ್ರಿಟನ್ನಿನಲ್ಲಿ ಹುಟ್ಟಿದ ತುಕಡಿಯೂ ಇತ್ತು. ಸುಂಕದ ಕಟ್ಟೆಯೂ ಇತ್ತು! ಅಂದರೆ ಗಡಿ ದಾಟಿ ಸರಕು ಬರುತ್ತಿತ್ತು, ಹೋಗುತ್ತಿತ್ತು. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ತಿಳಿದಿರುವುದೇ ಇಲ್ಲಿ ಮುಖ್ಯ ರಕ್ಷಣೆ.

ಈ ಕಾವಲು ಎಷ್ಟು ಬಿಗಿಯಾಗಿತ್ತೆಂದು 160ರ ದಶಕದ ಕೊನೆಯಲ್ಲಿ ಪರೀಕ್ಷೆಯಾಯಿತು. ಡಾನ್ಯೂಬಿನಾಚೆಯ ಜರ್ಮನಿಕ್ ಬುಡಕಟ್ಟು ಮಾರ್ಕೊಮನ್ನಿ ಮತ್ತಿತರರೊಡನೆ ರೋಮ್ ಮಾಡಿದ ಯುದ್ಧಗಳ ಬಿಸಿ ಡೇಸಿಯಾಕ್ಕೂ ತಟ್ಟಿತು. ಡೇಸಿಯಾದ ಆಲ್ಬರ್ನಸ್ ಚಿನ್ನದ ಗಣಿಗಳಲ್ಲಿ ಸಿಕ್ಕ ಮೇಣದ ಹಲಗೆಗಳ ಕರಾರು ಪತ್ರಗಳು 167ಕ್ಕೆ ನಿಂತುಹೋಗುತ್ತವೆ. ಜನ ಅವನ್ನು ಗಣಿಯೊಳಗೆ ಬಚ್ಚಿಟ್ಟು ಓಡಿರಬೇಕು. ರೋಮ್ ಇನ್ನೊಂದು ಲೀಜನ್ ಅನ್ನು, 5ನೇ ಮ್ಯಾಸಿಡೋನಿಕಾವನ್ನು, ಡೇಸಿಯಾದ ಪೊಟೈಸ್ಸಾಕ್ಕೆ ತಂದು ಕೂರಿಸಿತು. ಗಡಿ ಮತ್ತೆ ಸುಮಾರು ನೂರು ವರ್ಷ ನಿಂತಿತು.

ಮೂರನೇ ಶತಮಾನದಲ್ಲಿ ಗೋಥರೆಂಬ ಜರ್ಮನಿಕ್ ಜನರ ದಾಳಿ, ಒಳಜಗಳ ಎರಡೂ ಒಟ್ಟಿಗೆ ಬಂದವು. 270ರ ದಶಕದಲ್ಲಿ ಚಕ್ರವರ್ತಿ ಆರೀಲಿಯನ್ ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡ. ಡಾನ್ಯೂಬಿನ ದಕ್ಷಿಣಕ್ಕೆ ಅದೇ ಹೆಸರಿನ ಹೊಸ ಪ್ರಾಂತ್ಯ ಮಾಡಿದ. ಸೋತದ್ದನ್ನು ಮರೆಮಾಚಲು ಅಲ್ವಾ? ಡಾನ್ಯೂಬ್ ಮತ್ತೆ ಗಡಿಯಾಯಿತು. 5ನೇ ಲೀಜನ್ ಅದರ ದಡದಲ್ಲಿದ್ದ ತನ್ನ ಹಳೆಯ ಠಾಣೆ ಓಸ್ಕಸ್‌ಗೆ ವಾಪಸಾಯಿತು.