ಪಾಲ್ ಲಿಂಕೆ ‘ಬರ್ಲಿನ್ ಆಪೆರೆಟ್ಟಾದ ಜನಕ’ನಾದದ್ದು ಹೇಗೆ?

ಪ್ರಶ್ನೆ: ಆಪೆರೆಟ್ಟಾ, ಅಂದರೆ ಹಾಡು, ಕುಣಿತ, ಮಾತು ಬೆರೆತ ಹಗುರ ಸಂಗೀತ ನಾಟಕ, ಎಂದೊಡನೆ ವಿಯೆನ್ನಾ ನಗರದ, ಅಲ್ಲಿನ ಸಂಯೋಜಕ ಯೋಹಾನ್ ಸ್ಟ್ರಾಸ್‌ನ ಹೆಸರೇ ಕೇಳಿಬರುತ್ತದೆ. ಹಾಗಿರುವಾಗ ಜರ್ಮನ್ ಸಂಯೋಜಕ ಪಾಲ್ ಲಿಂಕೆಗೆ ‘ಬರ್ಲಿನ್ ಆಪೆರೆಟ್ಟಾದ ಜನಕ’ ಎಂಬ ಬಿರುದು ಏಕೆ?

ಉತ್ತರ: ಬರ್ಲಿನ್ನಿನ ಸಾಮಾನ್ಯ ಜನರನ್ನು ಅವರ ಆಡುಮಾತಿನ ಸಮೇತ ರಂಗದ ನಟ್ಟನಡುವೆ ತಂದು ನಿಲ್ಲಿಸಿದವನು ಲಿಂಕೆ. ಆ ಗೌರವ ಅವನಿಗೆ ಸಲ್ಲಲೇಬೇಕು.

1899ರ ಮೇ ತಿಂಗಳಲ್ಲಿ ಬರ್ಲಿನ್ನಿನ ಅಪೋಲೊ ರಂಗಮಂದಿರದಲ್ಲಿ ತೆರೆಕಂಡ ಅವನ ಆಪೆರೆಟ್ಟಾ ‘ಫ್ರಾವ್ ಲೂನಾ’ವನ್ನೇ ನೋಡಿ. ಬಾಡಿಗೆ ಕೋಣೆಯಲ್ಲಿರುವ ಮೆಕ್ಯಾನಿಕ್ ಫ್ರಿಟ್ಸ್ ಸ್ಟೆಪ್ಕೆ, ತಾನೇ ಕಟ್ಟಿದ ಬಲೂನಿನಲ್ಲಿ ಗೆಳೆಯರೊಡನೆ ಚಂದ್ರಲೋಕಕ್ಕೆ ಹೊರಡುತ್ತಾನೆ. ಮನೆಯೊಡತಿ ಪೂಸೆಬಾಖ್ ಕೂಡ ಜೊತೆಗೆ ಬಂದುಬಿಡುತ್ತಾಳೆ. ಅಲ್ಲಿಗೆ ಹೋದರೆ, ಚಂದ್ರನ ಅರಮನೆಯ ಮೇಲ್ವಿಚಾರಕ ಥಿಯೋಫಿಲ್ ಆಕೆಯ ಹಳೆಯ ಪ್ರಿಯಕರ! ಆಕಾಶಕ್ಕೇರಿದರೂ ಈ ಜನ ಬರ್ಲಿನ್ನಿನವರಾಗಿಯೇ ಉಳಿಯುತ್ತಾರೆ. ನನಗೆ ಈ ಕೃತಿಯಲ್ಲಿ ಬಹಳ ಇಷ್ಟವಾಗುವುದು ಇದೇ.

1866ರಲ್ಲಿ ಬರ್ಲಿನ್ನಿನಲ್ಲೇ ಹುಟ್ಟಿದ ಲಿಂಕೆ ವಾದ್ಯವೃಂದದಲ್ಲಿ ಬಸೂನ್ ಎಂಬ ಊದುವಾದ್ಯ ನುಡಿಸುತ್ತ ಬೆಳೆದವನು. ಪ್ಯಾರಿಸ್ಸಿನ ಫೋಲಿ ಬೆರ್ಜೇರ್ ಎಂಬ ಮನರಂಜನಾ ಮಂದಿರದಲ್ಲಿ ಸುಮಾರು ಎರಡು ವರ್ಷ ಸಂಗೀತ ನಿರ್ದೇಶಿಸಿದ್ದ. ಅಪೋಲೊ ಕೂಡ ಬಗೆಬಗೆಯ ಮನರಂಜನೆಯ ತಾಣವಾಗಿತ್ತು. ಅಲ್ಲಿನ ಪ್ರೇಕ್ಷಕರಿಗೆ ಉದ್ದನೆಯ ನಾಟಕ ಕೂತು ನೋಡುವ ತಾಳ್ಮೆ ಇರಲಿಲ್ಲ. ಹಾಗಾಗಿ ‘ಫ್ರಾವ್ ಲೂನಾ’ ಮೊದಲು ಒಂದೇ ಅಂಕದ್ದಾಗಿತ್ತು, ಆಮೇಲೆ ಬೆಳೆಯಿತು. ಸ್ಟ್ರಾಸ್‌ನಂತೆ ವಾಲ್ಟ್ಸ್‌ಗಳನ್ನು, ಅಂದರೆ ಮೂರೆಣಿಕೆಯ ತಾಳದ ನೃತ್ಯಸಂಗೀತವನ್ನು, ಲಿಂಕೆಯೂ ಸೊಗಸಾಗಿ ಬರೆದ. ಆದರೆ ಅವನ ಊರು ಎದೆಗಪ್ಪಿಕೊಂಡದ್ದು ನಡಿಗೆಯ ಲಯದ ಒಂದು ಹಾಡನ್ನು: ‘ಬರ್ಲಿನರ್ ಲುಫ್ಟ್’, ಅಂದರೆ ಬರ್ಲಿನ್ನಿನ ಗಾಳಿ. 1904ರ ಬೇರೊಂದು ಪ್ರದರ್ಶನಕ್ಕೆಂದು ಹುಟ್ಟಿ ಬಳಿಕ ‘ಫ್ರಾವ್ ಲೂನಾ’ದೊಳಗೆ ಸೇರಿಕೊಂಡ ಹಾಡು ಇದು. ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದ ವಾಲ್ಡ್‌ಬ್ಯೂನೆ ಬಯಲು ರಂಗಮಂದಿರದ ಬೇಸಿಗೆ ಕಛೇರಿಯನ್ನು ಮುಗಿಸುವುದು ಇದರಿಂದಲೇ. ಸಾವಿರಾರು ಜನ ಚಪ್ಪಾಳೆಯ ತಾಳ ಹಾಕುತ್ತ ಸಿಳ್ಳೆ ಹೊಡೆಯುತ್ತಾರೆ.

1902ರ ಅವನ ಆಪೆರೆಟ್ಟಾ ‘ಲಿಸಿಸ್ಟ್ರಾಟಾ’ದ ಮಿಂಚುಹುಳದ ಹಾಡು ಇಂಗ್ಲಿಷಿಗೂ ಹೋಗಿ, 1952ರಲ್ಲಿ ಅಮೆರಿಕದ ಮಿಲ್ಸ್ ಬ್ರದರ್ಸ್ ಗಾಯಕ ತಂಡದ ಕಂಠದಲ್ಲಿ ಮತ್ತೆ ಮನೆಮಾತಾಯಿತು.

ಕೊನೆಯ ವರ್ಷಗಳ ಕಥೆ ಅಷ್ಟು ಹಗುರವಲ್ಲ. 1941ರಲ್ಲಿ, ನಾಜಿ ಆಡಳಿತದ ಕಾಲದಲ್ಲಿ, ಬರ್ಲಿನ್ ಅವನಿಗೆ ಗೌರವ ನಾಗರಿಕ ಪದವಿ ಕೊಟ್ಟಿತು. ಅದೇ ಆಡಳಿತದಿಂದಾಗಿ ಕಾಲ್ಮಾನ್, ಜಾನ್ ಗಿಲ್ಬರ್ಟ್‌ರಂಥ ಯಹೂದಿ ಸಂಯೋಜಕರು ದೇಶಾಂತರ ಹೋಗಿದ್ದರು. ಲಿಂಕೆಯ ಹೆಸರಿನೊಡನೆ ಇದನ್ನೂ ಹೇಳಬೇಕು. 1943ರಲ್ಲಿ ಅವನು ಮಾರಿಯೆನ್‌ಬಾಡ್‌ನಲ್ಲಿದ್ದಾಗ ಬರ್ಲಿನ್ನಿನ ಮನೆ, ಪ್ರಕಾಶನ ಸಂಸ್ಥೆ ಎರಡೂ ಬಾಂಬಿಗೆ ಬಲಿಯಾದವು. ಮತ್ತೆ ಅಲ್ಲಿಗೆ ಮರಳಿ ನೆಲೆಸುವುದು ಅವನಿಂದ ಆಗಲಿಲ್ಲ. 1946ರಲ್ಲಿ ಹಾರ್ಟ್ಸ್ ಬೆಟ್ಟಸೀಮೆಯ ಹಾನೆನ್‌ಕ್ಲೇಯಲ್ಲಿ ತೀರಿಕೊಂಡ.

ಹೊಸದಾಗಿ ಕೇಳುವವರು ‘ಫ್ರಾವ್ ಲೂನಾ’ದ ಆರಂಭಿಕ ವಾದ್ಯಸಂಗೀತದಿಂದ ತೊಡಗಿ, ಬಳಿಕ ‘ಚಂದ್ರನಲ್ಲಿರುವ ಅರಮನೆಗಳು’ ಎಂಬ ಹಾಡಿಗೆ ಬನ್ನಿ.